ಸ್ಟೀಮಕ್ಕ ಕ್ರಿಮಿ ಸಾಕಿದ್ದು

ಮೂವತ್ತೊಂದು ವರ್ಷ ಕ್ರಿಮಿ ಕೊಂದು ಸಂಬಳ ತೆಗೆದುಕೊಂಡವಳನ್ನು ಎದುರಿಗೆ ಕೂರಿಸಿಕೊಂಡು, ‘ಇನ್ನು ಮೇಲೆ ನೀವು ಕ್ರಿಮಿ ಸಾಕಬೇಕು’ ಎಂದರೆ ಅವಳಿಗೆ ಹೇಗಾಗಬೇಡ? ದೊಡ್ಡಾಸ್ಪತ್ರೆಯ ಪಥ್ಯದ ವಿಭಾಗದಲ್ಲಿ, ಗೋಡೆಗೆ ಅಂಟಿಸಿದ್ದ ಕರುಳಿನ ಬಣ್ಣದ ಚಿತ್ರದ ಕೆಳಗೆ ಕೂತಿದ್ದ ಸ್ಟೀಮಕ್ಕ ಕೈಚೀಲವನ್ನು ಎದೆಗವಚಿಕೊಂಡು ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡುತ್ತಿದ್ದ.

ಸ್ಟೀಮಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಆಪರೇಷನ್ನಿಗೆ ಬಳಸುವ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಅಲ್ಲಿ ಹಬೆಯ ಯಂತ್ರದೊಳಗಿಟ್ಟು ಕ್ರಿಮಿ ತೆಗೆದು ಮೇಲಕ್ಕೆ ಕಳಿಸುತ್ತಾರೆ. ಆ ಯಂತ್ರದ ಮುಂದೆ, ಮುಳ್ಳು ಕೆಂಪು ಗೆರೆ ದಾಟಿತೋ ಇಲ್ಲವೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತ ಅವಳು ತನ್ನ ಹರೆಯವನ್ನೂ ನಡುವಯಸ್ಸನ್ನೂ ಕಳೆದಿದ್ದಳು. ಅವಳ ಕೈ ದಾಟಿ ಒಂದೇ ಒಂದು ಕೊಳಕು ಕತ್ತರಿ ಮೇಲೆ ಹೋಗಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷ ಕಳೆದಿದ್ದರೂ ಅಭ್ಯಾಸ ಮಾತ್ರ ನಿವೃತ್ತಿಯಾಗಿರಲಿಲ್ಲ. ಮನೆಯಲ್ಲಿ ಚಮಚಗಳು ದಿನಾ ಬೆಳಿಗ್ಗೆ ಕುದಿಯುತ್ತಿದ್ದವು, ಬಾಗಿಲ ಹಿಡಿ ಎರಡು ಹೊತ್ತು ಸ್ಪಿರಿಟ್ಟಿನ ಸ್ನಾನ ಮಾಡುತ್ತಿತ್ತು. “ನೆಂಟರನ್ನೂ ಒಂದು ಕುದಿ ಕುದಿಸಿ ಒಳಗೆ ಬಿಟ್ಕೊಳ್ತಿದ್ಲು ನಮ್ಮಕ್ಕ, ಅಷ್ಟು ದೊಡ್ಡ ಪಾತ್ರೆ ಇಲ್ಲ ಅಂತ ಸುಮ್ನಿದಾಳೆ” ಎಂದು ತಮ್ಮ ತಮಾಷೆ ಮಾಡುತ್ತಿದ್ದ.

ಆದರೆ ತಮಾಷೆ ಮಾಡುವುದನ್ನು ಅವನು ಬಿಟ್ಟು ಮೂರು ತಿಂಗಳಾಗಿತ್ತು. ಅವನು ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಬೆಟ್ಟದ ರಸ್ತೆ ಅವನದು. ನಾಲ್ಕೂವರೆ ಗಂಟೆಯ ದಾರಿ, ನಡುವೆ ಒಂದೇ ಕಡೆ ಹತ್ತು ನಿಮಿಷ ನಿಲುಗಡೆ. ಮದುವೆಯ ಮಾತೆತ್ತಿದರೆ ‘ನಲವತ್ತೆರಡು ಸೀಟಿನ ಸಂಸಾರ ಸಾಕು’ ಎನ್ನುತ್ತಿದ್ದ ಆಸಾಮಿ. ಡಿಪೋದಲ್ಲಿ ತುಕ್ಕು ಹಿಡಿದ ತಗಡೊಂದು ಮೀನಖಂಡಕ್ಕೆ ತಾಗಿ ಕೀವಾಯಿತು. ಎರಡು ಸುತ್ತು ಜೋರು ಆ್ಯಂಟಿಬಯಾಟಿಕ್ ಕೊಟ್ಟು ಡಾಕ್ಟರು ಕಾಲು ಉಳಿಸಿದರು. ಕಾಲೇನೋ ಉಳಿಯಿತು, ಹೊಟ್ಟೆ ಕೈಕೊಟ್ಟಿತು. ದಿನಕ್ಕೆ ಎಂಟು ಸಲ, ಒಂಬತ್ತು ಸಲ ಕಕ್ಕಸಿಗೆ ಓಡಬೇಕು. ಹೊಟ್ಟೆ ಹಿಂಡಿತೆಂದರೆ ಹಿಂಡಿತು, ಆಮೇಲೆ ಎರಡು ನಿಮಿಷವೂ ತಡೆಯುವಂತಿಲ್ಲ.

ಕೆಲಸಕ್ಕೆ ಮರಳಿದ ಮೊದಲ ವಾರವೇ ಒಂದು ದಿನ ಅವನು ಬೆಟ್ಟದ ದಾರಿಯಲ್ಲಿ ಮೂರು ಸಲ ಬಸ್ಸು ನಿಲ್ಲಿಸಿ ಪೊದೆಯ ಕಡೆ ಓಡಿದ್ದ. ಮೂರನೆಯ ಸಲ ಬರುವಷ್ಟರಲ್ಲಿ ಪ್ರಯಾಣಿಕರು ಕಿಟಕಿಯಿಂದ ಕತ್ತು ಚಾಚಿ ನಗುತ್ತಿದ್ದರು. ಮಾರನೆಯ ದಿನ ಡಿಪೋ ಮ್ಯಾನೇಜರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮದ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮಲಗುವ ಜಾತಿ. “ಎಂಟು ವಾರ ಟೈಮ್ ಕೊಡ್ತೀನಿ, ಅಲ್ಲೀವರೆಗೆ ಕೌಂಟರಲ್ಲಿ ಕೂತ್ಕೋ. ಆಮೇಲೆ ಒಂದು ಟ್ರಯಲ್. ನಾನೇ ಹಿಂದೆ ಕೂತಿರ್ತೀನಿ. ಮಧ್ಯದ ಸ್ಟಾಪ್ ಬಿಟ್ಟು ಇನ್ನೆಲ್ಲಾದ್ರೂ ಇಳಿದ್ರೆ, ಕೌಂಟರ್ ಕೆಲಸವೇ ಖಾಯಂ” ಎಂದರು. ಕೌಂಟರ್ ಎಂದರೆ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಕಾಯುವ ಕಿಂಡಿ.

ಒಂದು ಮಧ್ಯಾಹ್ನ ಸ್ಟೀಮಕ್ಕ ಊಟದ ಡಬ್ಬಿ ಕೊಡಲು ಹೋದಾಗ ಅವನು ಆ ಕಿಂಡಿಯ ಹಿಂದೆ, ಒಂಟಿ ಚಪ್ಪಲಿಗಳು, ನೀರಿನ ಬಾಟಲಿಗಳು, ಯಾರದೋ ಕನ್ನಡಕಗಳ ನಡುವೆ ಕೂತಿದ್ದ. ಯಾರೋ ಬಿಟ್ಟುಹೋದ ಕೊಡೆಯ ಬಾಗಿದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ತಿರುಗಿಸುತ್ತಿದ್ದ. ಕಣ್ಣು ಎಲ್ಲೋ ಇತ್ತು. ಇವನು ಬಸ್ಸಿಲ್ಲದೆ ಬದುಕುವುದಿಲ್ಲ ಎಂದು ಅವಳಿಗೆ ಅಂದೇ ಗೊತ್ತಾಯಿತು. ಡಬ್ಬಿ ಅಲ್ಲಿಟ್ಟವಳೇ ಆಸ್ಪತ್ರೆಗೆ ಹೋಗಿ ತಮ್ಮನ ಹೆಸರಿನ ಚೀಟಿ ಬರೆಸಿದ್ದಳು.

ಪಥ್ಯದ ಮೇಡಂ ಚಿಕ್ಕ ವಯಸ್ಸಿನವಳು, ಮಾತಿಗೆ ಮುಂಚೆ ನಗುವವಳು. ಡಾಕ್ಟರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿ, ಬೇರೆ ರೋಗವಿಲ್ಲವೆಂದು ಬರೆದು ಕಳಿಸಿದ್ದರು.

“ನೋಡಿ ಅಮ್ಮ, ಕಾಲಿನ ಕೀವು ಮಾಡಿದ ಬ್ಯಾಕ್ಟೀರಿಯಾ ಜೊತೆ ಕರುಳಲ್ಲಿದ್ದ ಒಳ್ಳೆಯವೂ ಹೋಗಿಬಿಟ್ಟಿವೆ. ಅವು ಮತ್ತೆ ತಳ ಊರೋದಕ್ಕೆ ಸಹಾಯ ಮಾಡೋಣ. ಪ್ರೋಬಯಾಟಿಕ್ ಅಂತಾರಲ್ಲ, ಅದೇ. ದಿನಾ ಮೊಸರು. ಜೊತೆಗೆ ಎಲೆಕೋಸನ್ನ ಉಪ್ಪಲ್ಲಿ ಹುಳಿ ಬರಿಸಿ ಸ್ವಲ್ಪ ಸ್ವಲ್ಪ ಕೊಡಿ. ಕಾಳು, ತರಕಾರಿ, ಅವುಗಳ ಊಟಕ್ಕೆ. ಇದು ಮಂತ್ರ ಅಲ್ಲ, ಎಲ್ಲರಿಗೂ ಒಂದೇ ಥರ ಆಗಲ್ಲ. ಆದ್ರೆ ಪ್ರಯತ್ನ ಮಾಡಬಹುದು.”

“ಕ್ರಿಮಿ ಅಂದ್ರೆ ಕ್ರಿಮಿ. ಅದರಲ್ಲಿ ಒಳ್ಳೇದು ಯಾವುದಮ್ಮ?” ಎಂದಳು ಸ್ಟೀಮಕ್ಕ.

“ನೀವು ಇಷ್ಟು ವರ್ಷ ಕೊಂದಿದ್ದು ಕತ್ತರಿ ಮೇಲಿರೋವನ್ನ. ಇವು ಮನೆಯವು” ಎಂದು ಮೇಡಂ ನಕ್ಕು, ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಸ್ಟೀಮಕ್ಕ ಮನೆಗೆ ಬಂದು ಚೀಟಿಯನ್ನು ಗೋಡೆಗೆ ಅಂಟಿಸಿ ಸೆರಗು ಕಟ್ಟಿದಳು. ಮಾಡುವುದೇ ಆದರೆ ಅಚ್ಚುಕಟ್ಟಾಗಿ ಮಾಡಬೇಕು ತಾನೆ? ಎಲೆಕೋಸನ್ನು ಕ್ಲೋರಿನ್ ಹನಿ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟಳು. ಸಣ್ಣಗೆ ಹೆಚ್ಚಿ ಹತ್ತು ನಿಮಿಷ ಕುದಿಸಿದಳು. ಉಪ್ಪು ಬೆರೆಸಿ ಗಾಜಿನ ಜಾಡಿಗೆ ತುಂಬಿ, ಜಾಡಿಯನ್ನೇ ಕುಕ್ಕರಿನೊಳಗಿಟ್ಟು ಐದು ಸೀಟಿ ಕೂಗಿಸಿದಳು. ಮುಚ್ಚಳವನ್ನು ಮಣಿಕಟ್ಟು ನೋಯುವಷ್ಟು ಬಿಗಿದು, ತಾರೀಖು ಬರೆದು ಅಂಟಿಸಿ, ಕಪಾಟಿನಲ್ಲಿಟ್ಟಳು. ಅಂಗಡಿಯಿಂದ ತಂದ ಮೊಸರಿಗೆ ಬಡಿಸುವ ಮುಂಚೆ ಒಂದು ಕುದಿ ಬರಿಸಿದಳು. ಅದು ಒಡೆದು ಗಂಟು ಗಂಟಾಗಿ ನೀರು ಬೇರೆ, ಗಷ್ಟು ಬೇರೆ ಆಯಿತು.

“ಅಕ್ಕ, ಇದು ಮೊಸರಾ?” ತಮ್ಮ ಬಟ್ಟಲನ್ನು ಓರೆ ಮಾಡಿ ನೋಡಿದ.

“ಮೊಸರೇ. ಶುದ್ಧ ಮೊಸರು. ಕಣ್ಣು ಮುಚ್ಚಿ ಕುಡಿ.”

ಅವನು ಮೂಗು ಹಿಡಿದು ಕುಡಿದ. ಎಂಟು ದಿನದ ನಂತರ ಜಾಡಿ ತೆಗೆದರು. ಎಲೆಕೋಸು ಹಾಕಿದ ದಿನ ಹೇಗಿತ್ತೋ ಹಾಗೇ ಸಪ್ಪಗೆ ಮಲಗಿತ್ತು. ಹುಳಿಯೂ ಇಲ್ಲ, ವಾಸನೆಯೂ ಇಲ್ಲ. ಸ್ಟೀಮಕ್ಕನಿಗೆ ಮಾತ್ರ ಬಹಳ ಖುಷಿ, ಇಷ್ಟು ಸ್ವಚ್ಛ ಜಾಡಿಯನ್ನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ ಅವಳು. ತಮ್ಮ ಅದನ್ನೂ ತಿಂದ. ಹೊಟ್ಟೆಯ ಪಾಡು ಮಾತ್ರ ಹಾಗೇ ಇತ್ತು. ಅವಳು ಆಸ್ಪತ್ರೆಯ ಹಳೆಯ ರಿಜಿಸ್ಟರೊಂದರಲ್ಲಿ ದಿನಾ ಗೆರೆ ಹಾಕಿ ಬರೆಯುತ್ತಿದ್ದಳು: ಎಂಟು. ಒಂಬತ್ತು. ಎಂಟು. ಎಂಟು. ಹೀಗೆ ಮೂರು ವಾರ ಕಳೆದವು. ಅವಳಿಗೆ ರೇಗಿಹೋಯಿತು. ತಮ್ಮನನ್ನು ಕಟ್ಟಿಕೊಂಡು ಮತ್ತೆ ಪಥ್ಯದ ಮೇಡಂ ಎದುರು ಹೋಗಿ ಕೂತಳು.

“ನಿಮ್ಮ ಒಳ್ಳೇ ಕ್ರಿಮಿಗಳಿಂದ ಏನೂ ಆಗಲಿಲ್ಲ” ಎಂದಳು.

“ಹೇಗೆ ಮಾಡಿದ್ರಿ, ಒಂದೊಂದಾಗಿ ಹೇಳಿ.”

ಸ್ಟೀಮಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಕ್ಲೋರಿನ್ನಿನಿಂದ ಹಿಡಿದು ಐದು ಸೀಟಿಯವರೆಗೆ ಎಲ್ಲವನ್ನೂ ಹೆಮ್ಮೆಯಿಂದ ವಿವರಿಸಿದಳು. ಮೊಸರಿನ ಕುದಿಯನ್ನೂ ಬಿಡಲಿಲ್ಲ. ಮೇಡಂ ಮೊದಲು ಪೆನ್ನು ಕೆಳಗಿಟ್ಟಳು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು, ಕೊನೆಗೆ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಂಡಳು. ಭುಜ ಕುಲುಕುತ್ತಿತ್ತು.

“ಅಮ್ಮ,” ಎಂದಳು ಕಣ್ಣೊರೆಸಿಕೊಂಡು, “ಆ ಬ್ಯಾಕ್ಟೀರಿಯಾ ಎಲೆಕೋಸಿನ ಎಲೆ ಮೇಲೇ ಇರುತ್ತೆ. ಮೊಸರಲ್ಲಿ ಜೀವಂತ ಇರುತ್ತೆ. ನೀವು ಎಲ್ಲವನ್ನೂ ಕೊಂದು, ಹೆಣ ಬಡಿಸಿದೀರಿ.”

ಸ್ಟೀಮಕ್ಕನ ಮುಖ ಇಂಗು ತಿಂದಂತಾಯಿತು. ಅವಳಿಗೆ ನಗು ಬರಲಿಲ್ಲ. ಮೂರು ವಾರ ಎಂದರೆ ಇಪ್ಪತ್ತೊಂದು ದಿನ, ತಮ್ಮನ ಎಂಟು ವಾರದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಾನೇ ಕುದಿಸಿ ಚೆಲ್ಲಿದ್ದಳು. ಹೊರಗೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನ್ನಿಂದಲೇ ಹಾಳಾಯ್ತು ಕಣೋ. ಹೊಟ್ಟೆಗೆ ಹಾಕ್ಕೋ.”

“ಮೂರು ವಾರದಿಂದ ನೀನು ಕೊಟ್ಟಿದ್ದನ್ನೆಲ್ಲ ಹೊಟ್ಟೆಗೇ ಹಾಕ್ಕೊಂಡಿದೀನಲ್ಲ ಅಕ್ಕ” ಎಂದ ತಮ್ಮ. ಸುಮಾರು ನಾಲ್ಕು ತಿಂಗಳಲ್ಲಿ ಅವನು ಮಾಡಿದ ಮೊದಲ ತಮಾಷೆ ಅದು. ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಇನ್ನೂ ಐದು ವಾರ ಇದೆ, ನೋಡೇಬಿಡೋಣ ಎಂದುಕೊಂಡಳು.

ಅಂದಿನಿಂದಲೇ ಮೊಸರು ಕುದಿಯುವುದು ನಿಂತಿತು. ಎಲೆಕೋಸನ್ನು ಬರೀ ನೀರಿನಲ್ಲಿ ತೊಳೆದಳು. ಕ್ಲೋರಿನ್ ಬಾಟಲಿಯ ಕಡೆ ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತಂದಳು ಎಂದರೂ ಸುಳ್ಳಲ್ಲ. ಒಂದು ಕಿಲೋ ಎಲೆಕೋಸಿಗೆ ಇಪ್ಪತ್ತು ಗ್ರಾಂ ಉಪ್ಪು, ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ತೂಗಿದಳು. ಅದು ನೀರು ಬಿಡುವವರೆಗೆ ಹಿಸುಕಿ, ಜಾಡಿಗೆ ಒತ್ತಿ ತುಂಬಿ, ಚೂರುಗಳು ಮೇಲೆ ತೇಲದಂತೆ ತೊಳೆದ ಕಲ್ಲು ಹೇರಿ, ಮುಚ್ಚಳವನ್ನು ಸಡಿಲವಾಗಿ ಮುಚ್ಚಿದಳು. ಸಡಿಲ ಮುಚ್ಚಳ ನೋಡಿದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಮೂರನೆಯ ಬೆಳಿಗ್ಗೆ ಟೀಗೆಂದು ಕೆಟಲಿನಲ್ಲಿ ನೀರು ಕುದಿಸಿ ಕೈಯಲ್ಲಿ ಹಿಡಿದಿದ್ದಳು. ಜಾಡಿಯ ಕಡೆಯಿಂದ ಸಣ್ಣಗೆ ಸುಸ್ಸೆಂಬ ಸದ್ದು ಬಂತು. ಮುಚ್ಚಳ ತೆಗೆದಳು. ನೀರು ಕಲಕಿತ್ತು. ಅಂಚಿನುದ್ದಕ್ಕೂ ಗುಳ್ಳೆ ಎದ್ದಿತ್ತು, ಹುಳಿ ವಾಸನೆ ಮೂಗಿಗೆ ಅಡರಿತು. ಕಲಕಿದ ನೀರು ಕಂಡರೆ ಏನು ಮಾಡಬೇಕೆಂದು ಮೂವತ್ತೊಂದು ವರ್ಷದಲ್ಲಿ ಅವಳು ಕಲಿತದ್ದು ಒಂದೇ. ಕೆಟಲಿನ ಮೂತಿ ಜಾಡಿಯ ಮೇಲಕ್ಕೆ ತಾನಾಗಿ ಬಗ್ಗಿತು.

ಬಾಗಿಲಲ್ಲಿ ತಮ್ಮ ನಿಂತಿದ್ದ. ಕೆಟಲಿನ ಮೂತಿಯನ್ನೇ ನೋಡುತ್ತಿದ್ದ.

“ಕೆಟ್ಟಿದೆ ಅನ್ಸುತ್ತೆ ಕಣೋ” ಎಂದಳು.

“ಚೀಟಿಯಲ್ಲಿ ಏನಿದೆ ನೋಡಕ್ಕ.”

ಗೋಡೆಯ ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ನೀರು ಕಲಕುತ್ತದೆ, ಗುಳ್ಳೆ ಬರುತ್ತದೆ. ಹೆದರಬೇಡಿ. ಬಣ್ಣದ ಬೂಷ್ಟು ಬಂದರೆ, ಕೊಳೆತ ವಾಸನೆ ಬಂದರೆ ಮಾತ್ರ ಎಸೆಯಿರಿ.’ ಅವಳು ಬಗ್ಗಿ ಮತ್ತೊಮ್ಮೆ ಮೂಸಿದಳು. ಕೊಳೆತದ್ದು ಹೇಗಿರುತ್ತದೆಂದು ಈ ಮೂಗಿಗಿಂತ ಚೆನ್ನಾಗಿ ಬಲ್ಲವರು ಯಾರು? ಇದು ಅದಲ್ಲ. ಇದು ಚುರುಕಾದ, ಬಾಯಲ್ಲಿ ನೀರೂರಿಸುವ ಹುಳಿ. ಕೆಟಲು ನಿಧಾನವಾಗಿ ಕೆಳಗಿಳಿಯಿತು. ಆ ನೀರಿನಲ್ಲಿ ಇಬ್ಬರೂ ಟೀ ಮಾಡಿಕೊಂಡು, ಜಾಡಿಯ ಎದುರು ಕುರ್ಚಿ ಹಾಕಿ ಕೂತು, ಗುಳ್ಳೆ ಒಡೆಯುವುದನ್ನು ನೋಡುತ್ತ ಕುಡಿದರು. ಬದುಕಿರುವ ಕ್ರಿಮಿಯ ಜೊತೆ ಅವಳು ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

ಹತ್ತನೆಯ ದಿನ ಮೊದಲ ಚಮಚವನ್ನು ತಾನೇ ತಿಂದಳು. ಆಗುವುದಿದ್ದರೆ ತನಗಾಗಲಿ ಎಂದು. ಏನೂ ಆಗಲಿಲ್ಲ, ಇನ್ನೊಂದು ಚಮಚ ಬೇಕೆನ್ನಿಸಿತು ಅಷ್ಟೆ. ಮರುದಿನ ತಮ್ಮನಿಗೆ ಒಂದೇ ಒಂದು ಚಮಚ ಕೊಟ್ಟಳು. ಮೊದಲ ನಾಲ್ಕು ದಿನ ಅವನ ಹೊಟ್ಟೆ ಗುಡುಗಿದ ಪರಿಯನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. “ಅಕ್ಕ, ಒಳಗೆ ಮದುವೆ ದಿಬ್ಬಣ ಹೊರಟಿದೆ” ಎನ್ನುತ್ತಿದ್ದ ಪಾಪ, ಹೊಟ್ಟೆ ಹಿಡಿದುಕೊಂಡು. ಶುರುವಿನಲ್ಲಿ ಹೀಗಾಗಬಹುದೆಂದು ಮೇಡಂ ಮೊದಲೇ ಹೇಳಿದ್ದಳಾದ್ದರಿಂದ ಇಬ್ಬರೂ ಹಲ್ಲು ಕಚ್ಚಿ ತಡೆದರು. ಆಮೇಲೆ ರಿಜಿಸ್ಟರು ಮಾತಾಡತೊಡಗಿತು. ಏಳು. ಏಳು. ಐದು. ಆರು. ನಾಲ್ಕು. ನಾಲ್ಕು ಎಂದು ಬರೆದ ದಿನ ಸ್ಟೀಮಕ್ಕ ಆ ಅಂಕಿಯ ಸುತ್ತ ಎರಡು ಸುತ್ತು ಗೆರೆ ಎಳೆದಳು. ನಡುವೆ ಸಹೋದ್ಯೋಗಿಯೊಬ್ಬನ ಬೀಳ್ಕೊಡುಗೆಯಲ್ಲಿ ಕರಿದದ್ದನ್ನೆಲ್ಲ ಮುಕ್ಕಿ ಬಂದು ಮತ್ತೆ ಏಳಕ್ಕೆ ಹೋದ. ಅಕ್ಕ ಆ ದಿನ ಅವನಿಗೆ ಮಾಡಿದ ಮಂಗಳಾರತಿ ಪಕ್ಕದ ಮನೆಗೂ ಕೇಳಿಸಿತು. ಎಂಟನೆಯ ವಾರದ ಕೊನೆಗೆ ರಿಜಿಸ್ಟರಿನಲ್ಲಿ ಸತತ ಐದು ದಿನ ಎರಡು, ಎರಡು, ಒಂದು, ಎರಡು, ಒಂದು ಎಂದಿತ್ತು. ಮೊಸರಿನಿಂದಲೋ, ಎಲೆಕೋಸಿನಿಂದಲೋ, ಕಾಳು ತರಕಾರಿಯಿಂದಲೋ, ಎಲ್ಲ ಸೇರಿಯೋ, ಮೇಡಂ ಕೂಡ ಖಂಡಿತವಾಗಿ ಹೇಳಲಿಲ್ಲ. ಸ್ಟೀಮಕ್ಕ ಮಾತ್ರ ಜಾಡಿಯನ್ನು ದಿನಾ ಒಮ್ಮೆ ಸವರಿ ಹೋಗುತ್ತಿದ್ದಳು.

ಆದರೂ ಮನೆಯ ಕಕ್ಕಸಿನ ಪಕ್ಕದಲ್ಲಿ ಕೂತು ಗೆಲ್ಲುವುದು ಬೇರೆ, ಬೆಟ್ಟದ ತಿರುವಿನಲ್ಲಿ ಗೆಲ್ಲುವುದು ಬೇರೆ. “ಟ್ರಯಲ್‌ಗೆ ನೀನು ಬರಬೇಡಕ್ಕ, ನನಗೆ ಕೈ ನಡುಗುತ್ತೆ” ಎಂದಿದ್ದ ತಮ್ಮ. ಅವಳು ಆಗಲಿ ಎಂದು, ಅವನು ಹೊರಟ ಹತ್ತು ನಿಮಿಷಕ್ಕೆ ತಲೆಗೆ ಶಾಲು ಸುತ್ತಿಕೊಂಡು ಹೋಗಿ ಅದೇ ಬಸ್ಸಿಗೆ ಟಿಕೆಟ್ ತೆಗೆಸಿ ಮೂರನೆಯ ಸಾಲಿನಲ್ಲಿ ಕೂತಳು. ಡ್ರೈವರ್ ಸೀಟಿನ ಹಿಂದೆ ಮ್ಯಾನೇಜರು ರಟ್ಟಿಗೆ ಸಿಕ್ಕಿಸಿದ ಕಾಗದ ಹಿಡಿದು ಕೂತಿದ್ದರು.

ಬಸ್ಸು ಏರಿತು, ತಿರುಗಿತು, ಮತ್ತೆ ಏರಿತು. ಅವಳು ಕಿಟಕಿಯಾಚೆ ನೋಡಲಿಲ್ಲ. ತಮ್ಮನ ಕತ್ತಿನ ಹಿಂಭಾಗ ಮತ್ತು ಎಡಗೈ, ಅವೆರಡನ್ನೇ ನೋಡುತ್ತಿದ್ದಳು. ಹೊಟ್ಟೆ ಹಿಂಡಿದಾಗ ಅವನ ಭುಜ ಮೇಲೇರುತ್ತದೆ, ಎಡಗೈ ಸೊಂಟಕ್ಕೆ ಹೋಗುತ್ತದೆ, ಅದು ಅವಳಿಗೆ ಗೊತ್ತು. ನಡುವಿನ ನಿಲುಗಡೆಯಲ್ಲಿ ಅವನು ಇಳಿದು ಹೋಗಿಬಂದು, ನೀರು ಕುಡಿದು, ಹತ್ತು ನಿಮಿಷಕ್ಕೆ ಸರಿಯಾಗಿ ಬಸ್ಸು ಬಿಟ್ಟ. ಇನ್ನೆರಡು ಗಂಟೆ ಕಳೆದರೆ ಮುಗಿಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ, ಮೇಲಿನ ತಿರುವಿನಲ್ಲಿ ಲಾರಿಯೊಂದು ರಸ್ತೆಗೆ ಅಡ್ಡವಾಗಿ ಕೂತುಬಿಟ್ಟಿತ್ತು.

ಹದಿನೈದು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಒಂದು ಗಂಟೆಯೂ ದಾಟಿತು. ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದು ಬಂಡೆಯ ಮರೆಗೆ ಹೋಗಿಬಂದರು. ಮ್ಯಾನೇಜರೇ ಎರಡು ಸಲ ಹೋಗಿಬಂದರು. ಎರಡನೆಯ ಸಲ ಮೇಲೆ ಹತ್ತುವಾಗ ತುಸು ಸಂಕೋಚದಿಂದ, “ನೀನೂ ಬೇಕಾದ್ರೆ ಹೋಗಿ ಬಾ. ಗಾಡಿ ನಿಂತಿದೆ, ಇದನ್ನ ನಾನು ಬರೆಯಲ್ಲ” ಎಂದರು.

“ಬೇಡ ಸರ್” ಎಂದ ತಮ್ಮ.

ಆಗಲೇ ಅವನ ಎಡಗೈ ಸ್ಟೀರಿಂಗ್ ಬಿಟ್ಟು ಕೆಳಗಿಳಿಯಿತು. ಸ್ಟೀಮಕ್ಕ ಶಾಲನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಕೈ ಜೇಬಿಗೆ ಹೋಯಿತು, ಕರ್ಚೀಫು ತೆಗೆಯಿತು, ಎದುರಿನ ಗಾಜನ್ನು ನಿಧಾನವಾಗಿ ಒರೆಸಿತು. ಒರೆಸುತ್ತ ಅವನು ತಲೆಯ ಮೇಲಿನ ಕನ್ನಡಿಯಲ್ಲಿ ನೇರವಾಗಿ ಶಾಲಿನ ಮುದುಕಿಯ ಕಡೆ ನೋಡಿದ. ಅವನಿಗೆ ಮೊದಲಿನಿಂದಲೇ ಗೊತ್ತಿತ್ತು. ಹುಬ್ಬು ಹಾರಿಸಿ ಮತ್ತೆ ರಸ್ತೆಯ ಕಡೆ ತಿರುಗಿದ. ಅವನ ಕೈ ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ಅವಳದು.

ಲಾರಿ ಸರಿಯಿತು. ಕೊನೆಯ ನಿಲ್ದಾಣ ಮುಟ್ಟಿದಾಗ ಒಂದೂವರೆ ಗಂಟೆ ತಡವಾಗಿತ್ತು. ಬಾಗಿಲು ತೆರೆಯಿತು. ಜನ ಸೊಂಟ ನೀವಿಕೊಳ್ಳುತ್ತ, ಆಕಳಿಸುತ್ತ, ಚೀಲಕ್ಕಾಗಿ ಒಬ್ಬರನ್ನೊಬ್ಬರು ತಳ್ಳುತ್ತ ಇಳಿಯತೊಡಗಿದರು. ಮ್ಯಾನೇಜರು ಕಾಗದದ ಕೆಳಗೆ ಸಹಿ ಹಾಕಿ, “ನಾಳೆಯಿಂದ ಬೆಳಗಿನ ಟ್ರಿಪ್ ನಿಂದೇ” ಎಂದು ತಮ್ಮನ ಭುಜ ತಟ್ಟಿ ಇಳಿದುಹೋದರು. ಇಷ್ಟು ದೊಡ್ಡ ಸಂಗತಿ ನಡೆದದ್ದು ಬಸ್ಸಿನಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ. ಸ್ಟೀಮಕ್ಕನಿಗೆ ಅವರನ್ನೆಲ್ಲ ರಟ್ಟೆ ಹಿಡಿದು ನಿಲ್ಲಿಸಿ ಹೇಳಬೇಕೆನ್ನಿಸಿತು.

ಕೊನೆಯಲ್ಲಿ ಇಳಿಯುತ್ತಿದ್ದ ದಪ್ಪ ಹೆಂಗಸೊಬ್ಬಳು ಡ್ರೈವರ್ ಸೀಟಿನ ಪಕ್ಕ ನಿಂತು ಗೊಣಗಿದಳು. “ಒಂದೂವರೆ ಗಂಟೆ ಲೇಟು. ಹೀಗಾದ್ರೆ ಹೇಗಪ್ಪ?”

ಸ್ಟೀಮಕ್ಕನಿಗೆ ತಡೆಯಲಾಗಲಿಲ್ಲ. ಶಾಲು ಕಿತ್ತು ಹೆಗಲಿಗೆಸೆದು ಎದ್ದು ಬಂದಳು. “ಲೇಟಾಗಿದ್ದು ಲಾರಿಯಿಂದ ಕಣಮ್ಮ. ಇವನು ಆರು ಗಂಟೆಯಲ್ಲಿ ಒಂದೇ ಸಲ ಇಳಿದಿದ್ದು, ಅದೂ ಸ್ಟಾಪಲ್ಲಿ. ಗೊತ್ತಾ ನಿಮಗೆ?”

ಹೆಂಗಸು ಅಕ್ಕನನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದಳು. ಇದೆಂಥ ಹೊಗಳಿಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

“ಅದರಲ್ಲೇನಿದೆ? ಡ್ರೈವರ್ ಅಂದ್ಮೇಲೆ ಸೀಟಲ್ಲಿ ಕೂತು ಗಾಡಿ ಓಡಿಸೋದೇ ತಾನೆ ಕೆಲಸ” ಎಂದು ಚೀಲ ಎತ್ತಿಕೊಂಡು ಇಳಿದುಹೋದಳು.

ತಮ್ಮ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಅವಳು ಹೋದ ಬಾಗಿಲ ಕಡೆಯೇ ನೋಡುತ್ತಿದ್ದ. ಕಣ್ಣು ತುಂಬಿ ಬಂದಿತ್ತು, ಮುಖ ಅರಳಿತ್ತು.

“ಕೇಳಿದ್ಯಾ ಅಕ್ಕ?” ಎಂದ. “ಡ್ರೈವರ್ ಅಂದ್ಲು.”